ಸರ್‌ನೇಮ್ ಒಂದೇ, ಬರಿ ಬೇರೆ: ಮಲ್ಪೆ ಬೋಟಿನ ಹಿಂದೆ ಬಂದ ಪುಟ್ಟ ಕಪ್ಪು ಹಕ್ಕಿ

ಪ್ರಶ್ನೆ: ಸೆಪ್ಟೆಂಬರಿನಲ್ಲಿ ಭಾವನ ಬೋಟಿನಲ್ಲಿ ಮಲ್ಪೆಯಿಂದ ಕಡಲಿಗೆ ಹೋಗಿದ್ದೆ. ದಡ ಕಾಣದಷ್ಟು ದೂರ ಹೋದ ಮೇಲೆ, ಬಲೆ ಎಳೆಯುವ ಹೊತ್ತಿಗೆ, ಗುಬ್ಬಿಗಿಂತ ಸ್ವಲ್ಪ ದೊಡ್ಡ ಏಳೆಂಟು ಕಪ್ಪು ಹಕ್ಕಿಗಳು ಬಂದವು. ಸೊಂಟದ ಹತ್ತಿರ ಬಿಳಿ. ನೀರಿನ ಮೇಲೆ ಕಾಲಿಟ್ಟು ನಡೆದಾಡಿದ ಹಾಗೆ ಕಾಣುತ್ತಿತ್ತು. ಮೊಬೈಲ್ ಆಪ್‌ಗೆ ಫೋಟೋ ಹಾಕಿದರೆ ‘ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್, ಅಂಟಾರ್ಕ್ಟಿಕಾದ ಹಕ್ಕಿ’ ಅಂದಿತು. ಇಷ್ಟು ಚಿಕ್ಕ ಹಕ್ಕಿ ಅಲ್ಲಿಂದ ಇಲ್ಲಿಗೆ ಬರುವುದು ನಿಜವಾ? ಆಪ್‌ನಲ್ಲಿ ಅದರ ಕುಟುಂಬ ‘ಓಷಿಯನಿಟಿಡೆ’ ಅಂತಿದೆ, ನನ್ನಲ್ಲಿರುವ ಹಳೆಯ ಪುಸ್ತಕದಲ್ಲಿ ‘ಹೈಡ್ರೊಬಾಟಿಡೆ’ ಅಂತಿದೆ. ಯಾವುದು ಸರಿ? ಈ ವಿಲ್ಸನ್ ಯಾರು? ಕನ್ನಡದಲ್ಲಿ ಇದನ್ನು ಏನಂತ ಕರೆಯಬೇಕು?

ಉತ್ತರ: ಆಪ್ ಈ ಸಲ ಸರಿಯಾಗಿಯೇ ಹೇಳಿದೆ. ನೀವು ಕಳಿಸಿದ ಮೂರು ಫೋಟೋಗಳಲ್ಲಿ ಎರಡು ಬರೀ ಅಲೆ, ಆದರೆ ಮೂರನೆಯದು ಸಾಕು. ಬಿಳಿ ಪಟ್ಟೆ ಬೆನ್ನಿನ ಕೆಳಗೆ ಮಾತ್ರ ನಿಂತಿಲ್ಲ, ಸುತ್ತಿ ಬಂದು ಬಾಲದ ಅಡಿಯ ಎರಡೂ ಬದಿಗೆ ಇಳಿದಿದೆ. ಬಾಲದ ತುದಿ ಕತ್ತರಿಸಿಟ್ಟ ಹಾಗೆ ನೇರವಾಗಿದೆ, ಕವಲಿಲ್ಲ. ಕಾಲಿನ ಬೆರಳುಗಳು ಬಾಲವನ್ನು ದಾಟಿ ಹಿಂದೆ ಚಾಚಿವೆ. ಈ ಮೂರೂ ಒಟ್ಟಿಗೆ ಕಂಡರೆ ನಮ್ಮ ಕಡಲಲ್ಲಿ ಅದು ವಿಲ್ಸನ್ಸ್ ಪೆಟ್ರೆಲ್ ಅಂತ ಧೈರ್ಯವಾಗಿ ಬರೆದುಕೊಳ್ಳಬಹುದು.

ಅಂಟಾರ್ಕ್ಟಿಕಾದಿಂದ ಬರುವುದೂ ನಿಜ. ಒಟ್ಟು ತೂಕ 35ರಿಂದ 40 ಗ್ರಾಂ, ಅಂದರೆ ಒಂದು ಕೋಳಿಮೊಟ್ಟೆಗಿಂತ ಕಡಿಮೆ. ನಿಮ್ಮ ಹಿತ್ತಿಲಿನ ಪಿಕಳಾರವೂ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ. ರೆಕ್ಕೆ ಬಿಚ್ಚಿದರೆ ಮಾತ್ರ ತುದಿಯಿಂದ ತುದಿಗೆ ಸುಮಾರು 40 ಸೆಂ.ಮೀ. ಅಂಟಾರ್ಕ್ಟಿಕಾದ ನೆಲದಲ್ಲಿ ಮರಿ ಮಾಡುವ ಹಕ್ಕಿಗಳಲ್ಲಿ ಇದೇ ಅತಿ ಚಿಕ್ಕದು. ಮಲ್ಪೆಯಿಂದ ಆ ಖಂಡದ ಅಂಚಿಗೆ ಭೂಪಟದಲ್ಲಿ ನೇರ ಗೆರೆ ಎಳೆದರೂ ಸುಮಾರು 8,800 ಕಿ.ಮೀ. ಆಗುತ್ತದೆ. ಎಲ್ಲವೂ ಅಷ್ಟು ದೂರದಿಂದಲೇ ಬರಬೇಕೆಂದಿಲ್ಲ. ದಕ್ಷಿಣ ಜಾರ್ಜಿಯಾ, ಕೆರ್ಗೆಲೆನ್ ಥರದ ನಡುವಿನ ದ್ವೀಪಗಳಲ್ಲೂ ಇವು ಗೂಡು ಮಾಡುತ್ತವೆ. ಕೆರ್ಗೆಲೆನ್ ಅಂತೂ ನಮ್ಮಿಂದ ಹೆಚ್ಚುಕಡಿಮೆ ನೇರ ದಕ್ಷಿಣಕ್ಕೇ ಇದೆ, ಸುಮಾರು 7,000 ಕಿ.ಮೀ. ಕೆಳಗೆ.

ಈಗ ಹೆಸರಿನ ವಿಷಯ. ಇದು ಸ್ವಲ್ಪ ಉದ್ದವಾಗುತ್ತದೆ, ಯಾಕೆಂದರೆ ನನಗೆ ಇಷ್ಟದ ಭಾಗ ಇದು.

ಅಲೆಕ್ಸಾಂಡರ್ ವಿಲ್ಸನ್ ಹುಟ್ಟಿದ್ದು 1766ರಲ್ಲಿ, ಸ್ಕಾಟ್ಲೆಂಡಿನ ಪೇಯ್ಸ್ಲಿ ಎಂಬ ನೇಕಾರರ ಊರಲ್ಲಿ. ಅವನೂ ಮಗ್ಗದಲ್ಲೇ ದುಡಿದವನು, ಜೊತೆಗೆ ಪದ್ಯ ಬರೆಯುವ ಚಟ. ಗಿರಣಿ ಮಾಲೀಕರನ್ನು ಗೇಲಿ ಮಾಡಿ ಬರೆದು ಜೈಲು ಕಂಡ, ತನ್ನ ಪದ್ಯವನ್ನು ತಾನೇ ಊರ ಎದುರು ಸುಡಬೇಕಾಯಿತು. 1794ರಲ್ಲಿ ಅಮೆರಿಕಕ್ಕೆ ಹೋದ. ಅಲ್ಲಿ ಮೇಷ್ಟ್ರಾಗಿದ್ದುಕೊಂಡು ಹಕ್ಕಿ ಬಿಡಿಸಲು ಕಲಿತು, ಆ ದೇಶದ ಹಕ್ಕಿಗಳ ಬಗ್ಗೆ ಒಂಬತ್ತು ಸಂಪುಟಗಳ ಪುಸ್ತಕ ಮಾಡಿದ. 1813ರಲ್ಲಿ ತೀರಿಕೊಂಡಾಗ ಕೊನೆಯದು ಇನ್ನೂ ಮುಗಿದಿರಲಿಲ್ಲ. ಅದರಲ್ಲಿ ನಿಮ್ಮ ಈ ಹಕ್ಕಿಯೂ ಇದೆ. ಆದರೆ ಅವನು ಅದನ್ನು ತಪ್ಪಾಗಿ ಗುರುತಿಸಿದ್ದ! ಯುರೋಪಿನ ಕಡಲಲ್ಲಿ ಇದೇ ಥರದ ಇನ್ನೊಂದು ಪುಟ್ಟ ಪೆಟ್ರೆಲ್ ಇದೆ, ಅದಕ್ಕೆ 1758ರಲ್ಲೇ, ಜೀವಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಲಿನೇಯಸ್ ಹೆಸರಿಟ್ಟಾಗಿತ್ತು. ವಿಲ್ಸನ್ ಇದೂ ಅದೇ ಅಂದುಕೊಂಡು ಆ ಹೆಸರನ್ನೇ ಬರೆದುಬಿಟ್ಟ. ಆಮೇಲೆ ಶಾರ್ಲ್ ಲೂಸಿಯನ್ ಬೋನಾಪಾರ್ಟ್ ನೋಡಿ, ಇದು ಬೇರೆ ಜಾತಿ ಅಂತ ಪತ್ತೆ ಮಾಡಿ, ವಿಲ್ಸನ್ನನ ಗೌರವಕ್ಕೆ ಅವನ ಹೆಸರಿಟ್ಟ. ಹೌದು, ಆ ನೆಪೋಲಿಯನ್ನನ ತಮ್ಮನ ಮಗನೇ ಈ ಬೋನಾಪಾರ್ಟ್, ಕತ್ತಿ ಬಿಟ್ಟು ಹಕ್ಕಿ ಹಿಡಿದವನು. ಹಾಗಾಗಿ ಹಕ್ಕಿಯ ಇಂಗ್ಲಿಷ್ ಹೆಸರಿನಲ್ಲಿ ಇವತ್ತಿಗೂ ಇರುವುದು ಅದನ್ನು ತಪ್ಪು ಗುರುತಿಸಿದವನ ಹೆಸರು. ತಪ್ಪು ಗುರುತಿಸುವುದರಲ್ಲಿ ನನಗೂ ಒಳ್ಳೆಯ ಅನುಭವ ಇರುವುದರಿಂದ ಈ ಕಥೆ ನನಗೆ ಸಮಾಧಾನ ಕೊಡುತ್ತದೆ.

ಆದರೆ ವೈಜ್ಞಾನಿಕ ಹೆಸರಿನಲ್ಲಿ ವಿಲ್ಸನ್ ಇಲ್ಲ. ಹೆಸರಿಡುವ ನಿಯಮ ಸರಳ: ಮೊದಲು ಯಾರು ಸರಿಯಾಗಿ ಪ್ರಕಟಿಸಿದರೋ ಅವರ ಹೆಸರೇ ನಿಲ್ಲುತ್ತದೆ. ಬೋನಾಪಾರ್ಟ್‌ಗಿಂತ ಮುಂಚೆ, 1820ರಲ್ಲೇ, ಹೈನ್ರಿಖ್ ಕುಲ್ ಎಂಬ ಜರ್ಮನ್ ಹುಡುಗ ಇದನ್ನು ‘ಪ್ರೊಸೆಲೇರಿಯಾ ಓಷಿಯನಿಕಾ’ ಅಂತ ಬರೆದಾಗಿತ್ತು. ಹುಡುಗ ಅಂತ ಸುಮ್ನೆ ಹೇಳಿದ್ದಲ್ಲ. ಮರುವರ್ಷ ಜಾವಾ ದ್ವೀಪದಲ್ಲಿ ಕಾಯಿಲೆ ಬಿದ್ದು ತೀರಿಕೊಂಡಾಗ ಅವನಿಗೆ ಬರೀ 23 ವರ್ಷ. 1840ರಲ್ಲಿ ‘ಓಷಿಯನೈಟಿಸ್’ ಎಂಬ ಹೊಸ ಕುಲ (ಹತ್ತಿರದ ಜಾತಿಗಳ ಗುಂಪು, ವೈಜ್ಞಾನಿಕ ಹೆಸರಿನ ಮೊದಲ ಪದ ಇದೇ) ಮಾಡಿದರು, ಗ್ರೀಕರ ಕಡಲದೇವರು ಓಷಿಯನಸ್‌ನ ಹೆಣ್ಣುಮಕ್ಕಳ ನೆನಪಿಗೆ. ಅಲ್ಲಿಗೆ ಪೂರ್ತಿ ಹೆಸರು ‘ಓಷಿಯನೈಟಿಸ್ ಓಷಿಯನಿಕಸ್’ ಆಯಿತು. ಕನ್ನಡದಲ್ಲಿ ಹೇಳಿದರೆ ‘ಕಡಲಿನ ಕಡಲಮಗಳು’.

‘ಪೆಟ್ರೆಲ್’ ಅನ್ನುವುದರ ಹಿಂದೆ ಇನ್ನೊಂದು ಕಥೆ ಇದೆ. ಬೈಬಲ್ಲಿನಲ್ಲಿ ಸಂತ ಪೇತ್ರ ಏಸುವಿನ ಮಾತು ನಂಬಿ ದೋಣಿಯಿಂದ ಇಳಿದು ನೀರಿನ ಮೇಲೆ ನಡೆದದ್ದು, ನಡುವೆ ಗಾಳಿಗೆ ಹೆದರಿ ಮುಳುಗತೊಡಗಿದ್ದು ಬರುತ್ತದಲ್ಲ. ನಮ್ಮೂರಿನ ಚರ್ಚುಗಳಿಗೆ ಹೋಗುವವರಿಗೆ ಇದು ಗೊತ್ತಿರುವ ಪ್ರಸಂಗ. ಆ ಪೇತ್ರನಿಂದ ಪೆಟ್ರೆಲ್ ಬಂತು ಅಂತ ವಿಲಿಯಂ ಡ್ಯಾಂಪಿಯರ್ ಎಂಬ ನಾವಿಕ 1703ರಲ್ಲಿ ಅಚ್ಚಾದ ತನ್ನ ಪ್ರಯಾಣದ ಪುಸ್ತಕದಲ್ಲಿ ಬರೆದ. ಈ ಪದ ಬೇರೆ ಕಾಗುಣಿತದಲ್ಲಿ ಅದಕ್ಕೂ ಮೊದಲೇ ಇತ್ತು, ಪಟಪಟ ಕಾಲು ಬಡಿಯುವ ಸದ್ದಿನಿಂದ ಹುಟ್ಟಿದ್ದಿರಬಹುದು ಅಂತ ಕೆಲವರ ವಾದ. ನನಗೆ ಎರಡನೆಯದೇ ಸರಿ ಅನಿಸುತ್ತದೆ, ಆದರೆ ಕೇಳಲು ಮೊದಲನೆಯದು ಚೆನ್ನ. ಹಳೆಯ ಹಡಗಿನವರು ಇವುಗಳನ್ನು ‘ಮದರ್ ಕ್ಯಾರಿಯ ಕೋಳಿಮರಿಗಳು’ ಅಂತಲೂ ಕರೆಯುತ್ತಿದ್ದರು. ಕ್ಯಾರಿ ಅಂದರೆ ‘ಮಾತೆರ್ ಕಾರಾ’, ಅಂದರೆ ಮಾತೆ ಮೇರಿ ಅಂತ ಒಂದು ಊಹೆ. ನಿಮ್ಮ ಬೋಟು ಬಂದರು ಬಿಟ್ಟು ಹೊರಟರೆ ಮೊದಲು ಸಿಗುವುದೇ ಸೇಂಟ್ ಮೇರೀಸ್ ದ್ವೀಪ, ವಾಸ್ಕೋ ಡ ಗಾಮ ಹೆಸರಿಟ್ಟ ಅನ್ನುವ ಕಥೆ ಬೇರೆ ಅದಕ್ಕೆ. ಮೇರಿಯ ದ್ವೀಪ ದಾಟಿ ಹೋದರೆ ಮೇರಿಯ ಕೋಳಿಮರಿಗಳು! ಕಾಕತಾಳೀಯ ಅಷ್ಟೇ, ಆದರೆ ಹೇಳದೆ ಇರಲಾಗಲಿಲ್ಲ.

ಕುಟುಂಬದ ಗೊಂದಲಕ್ಕೆ ಬರೋಣ. ಇದಕ್ಕೆ ತುಳುನಾಡಿನವರಿಗೆ ಬೇರೆ ಪಾಠ ಬೇಡ. ಒಂದು ಮದುವೆಗೆ ಹೋಗಿದ್ದೀರಿ, ಪಕ್ಕದಲ್ಲಿ ಕೂತವರು ಶೆಟ್ಟಿ, ಎದುರಿಗೆ ಕೂತವರೂ ಶೆಟ್ಟಿ. ಸರ್‌ನೇಮ್ ಒಂದೇ ಅಂದ ಮಾತ್ರಕ್ಕೆ ರಕ್ತ ಸಂಬಂಧ ಅಂತ ಯಾರೂ ಹೇಳುವುದಿಲ್ಲ. ‘ಬರಿ’ ಯಾವುದು ಅಂತ ಕೇಳುತ್ತಾರೆ. ತಾಯಿಯ ಕಡೆಯಿಂದ ಬರುವ ಆ ಬರಿ ಬೇರೆಯಾದರೆ ಹೆಣ್ಣು ಕೊಟ್ಟು ತರಬಹುದು, ಒಂದೇ ಆದರೆ ಅಣ್ಣ ತಂಗಿ. ‘ಸ್ಟಾರ್ಮ್ ಪೆಟ್ರೆಲ್’ ಅನ್ನುವುದು ಹಾಗೆಯೇ ಸರ್‌ನೇಮ್ ಮಾತ್ರ. ಅದರಲ್ಲಿ ಎರಡು ಬರಿ ಇದೆ.

ಮೊದಲು ಎಲ್ಲ ಸ್ಟಾರ್ಮ್ ಪೆಟ್ರೆಲ್‌ಗಳನ್ನೂ ಹೈಡ್ರೊಬಾಟಿಡೆ ಎಂಬ ಒಂದೇ ಕುಟುಂಬದಲ್ಲಿ ಇಟ್ಟಿದ್ದರು. ನಿಮ್ಮ ಪುಸ್ತಕ ಆ ಕಾಲದ್ದು, ಅದರ ತಪ್ಪೇನಿಲ್ಲ. ಒಳಗೆ ಎರಡು ಗುಂಪು ಇದೆ ಅನ್ನುವುದು ಆಗಲೂ ಗೊತ್ತಿತ್ತು. ಒಂದು ಗುಂಪು ಹೆಚ್ಚಾಗಿ ಉತ್ತರಾರ್ಧ ಗೋಳದಲ್ಲಿ ಮರಿ ಮಾಡುವಂಥದ್ದು. ಉದ್ದ ಚೂಪು ರೆಕ್ಕೆ, ಗಿಡ್ಡ ಕಾಲು, ಎಷ್ಟೋ ಜಾತಿಗಳಿಗೆ ಕವಲು ಬಾಲ. ಇನ್ನೊಂದು ದಕ್ಷಿಣದ್ದು. ಗಿಡ್ಡ ಅಗಲ ರೆಕ್ಕೆ, ಕಡ್ಡಿಯಂಥ ಉದ್ದ ಕಾಲು. ಆದರೂ ಇಬ್ಬರೂ ಚಿಕ್ಕವರು, ಕಪ್ಪಗಿದ್ದಾರೆ, ಅಲೆಯ ಮೇಲೆ ತೇಲಾಡುತ್ತಾರೆ, ಹಾಗಾಗಿ ಅಕ್ಕತಂಗಿಯರೇ ಇರಬೇಕು ಅಂತ ಬಿಟ್ಟುಬಿಟ್ಟಿದ್ದರು. 1990ರ ದಶಕದಲ್ಲಿ ಡಿಎನ್‌ಎ ಓದಲು ಶುರು ಮಾಡಿದ ಮೇಲೆ ಲೆಕ್ಕ ಬದಲಾಯಿತು. ಈ ಎರಡು ಗುಂಪು ಒಂದೇ ತಾಯಿಬೇರಿನ ಜೋಡಿ ಕವಲುಗಳಲ್ಲ, ಬಹಳ ಹಿಂದೆಯೇ ಬೇರೆ ಬೇರೆಯಾಗಿ ಒಡೆದವು. ಉತ್ತರದವರು ಶಿಯರ್‌ವಾಟರ್ ಎಂಬ ದೊಡ್ಡ ಕಡಲಹಕ್ಕಿಗಳ ಮನೆಯ ಕಡೆಗೆ ಹೆಚ್ಚು ಹತ್ತಿರ. ದಕ್ಷಿಣದವರದ್ದು ತುಂಬ ಹಳೆಯ, ಪ್ರತ್ಯೇಕ ಮನೆ. ಆದ್ದರಿಂದ ಈಗ ದಕ್ಷಿಣದವರಿಗೆ ಓಷಿಯನಿಟಿಡೆ ಎಂಬ ಸ್ವಂತ ಕುಟುಂಬ. ಅದರಲ್ಲಿ ಐದು ಕುಲಗಳಿವೆ. ಹೈಡ್ರೊಬಾಟಿಡೆ ಹೆಸರು ಉತ್ತರದವರಿಗೇ ಉಳಿಯಿತು. ನಿಮ್ಮ ಹಕ್ಕಿ ಓಷಿಯನಿಟಿಡೆ, ಆಪ್ ಸರಿ.

ಹಾಗಾದರೆ ಅಷ್ಟು ಒಂದೇ ಥರ ಕಾಣುವುದು ಹೇಗೆ? ಒಂದೇ ಕೆಲಸ ಮಾಡುವವರು ಒಂದೇ ಥರ ಆಗುತ್ತಾರೆ. ಬಂಗುಡೆ ಮತ್ತು ಬೂತಾಯಿ ಒಂದೇ ಬುಟ್ಟಿಯಲ್ಲಿ ಬರುತ್ತವೆ, ಎರಡೂ ಬೆಳ್ಳಿ ಹೊಟ್ಟೆ, ಎರಡೂ ಹಿಂಡಿನಲ್ಲಿ ಓಡಾಡುವ ಮೀನು. ಆದರೆ ಬಂಗುಡೆ ಟ್ಯೂನಾದ ಕಡೆಯ ಸಂಬಂಧಿ, ಬೂತಾಯಿಗೂ ಅದಕ್ಕೂ ನಂಟಿಲ್ಲ. ನಮ್ಮ ಮೀನು ಮಾರುವ ಅಕ್ಕಂದಿರಿಗೆ ಈ ವಿಷಯ ಬಿಡಿಸಿ ಹೇಳಬೇಕಾಗಿಲ್ಲ, ಕಣ್ಣು ಮುಚ್ಚಿ ಮುಟ್ಟಿದರೂ ಬೇರೆ ಬೇರೆ ಅಂತ ಹೇಳುತ್ತಾರೆ.

ನಿಮಗೆ ನಿಜವಾಗಿ ಉಪಯೋಗಕ್ಕೆ ಬರುವ ವಿಷಯ ಇಲ್ಲಿದೆ. ಈ ಎರಡೂ ಬರಿಯವರು ನಮ್ಮ ಕಡಲಿಗೆ ಬರುತ್ತಾರೆ. ಉತ್ತರದ ಕಡೆಯಿಂದ ಸ್ವಿನ್‌ಹೋಸ್ ಸ್ಟಾರ್ಮ್ ಪೆಟ್ರೆಲ್ ಅಂತ ಒಂದು ಅರಬ್ಬಿ ಸಮುದ್ರಕ್ಕೆ ಬರುತ್ತದೆ. ಅದು ಮರಿ ಮಾಡುವುದು ಜಪಾನ್, ಕೊರಿಯಾ, ಚೀನಾದ ಆಚೆಯ ದ್ವೀಪಗಳಲ್ಲಿ. ಅದಕ್ಕೆ ಸೊಂಟದಲ್ಲಿ ಬಿಳಿ ಇಲ್ಲ, ಮೈಯೆಲ್ಲ ಕಂದು, ಬಾಲ ಸ್ವಲ್ಪ ಕವಲು, ಕಾಲು ಬಾಲದಿಂದ ಹೊರಗೆ ಬರುವುದಿಲ್ಲ. ಹಾರುವಾಗ ಮೇಲೆ ಕೆಳಗೆ ಜೋರಾಗಿ ಹೊಯ್ದಾಡುತ್ತದೆ. ವಿಲ್ಸನ್ಸ್ ನೀರಿಗೆ ಅಂಟಿಕೊಂಡ ಹಾಗೆ ಹಾರಿ, ತಿನ್ನಲು ಸಿಕ್ಕಲ್ಲಿ ಕಾಲು ಇಳಿಬಿಡುತ್ತದೆ. ಯೋಚಿಸಿ ನೋಡಿ, ಒಂದು ಜಪಾನಿನ ಕಡೆಯದ್ದು, ಇನ್ನೊಂದು ಅಂಟಾರ್ಕ್ಟಿಕಾದ್ದು, ಎರಡೂ ನಿಮ್ಮ ಭಾವನ ಬೋಟಿನ ಹಿಂದೆ ಒಂದೇ ದಿನ ಸಿಕ್ಕರೂ ಸಿಗಬಹುದು.

ದಕ್ಷಿಣದ ಗುಂಪಿನ ಒಳಗೂ ಲೆಕ್ಕ ಇನ್ನೂ ಮುಗಿದಿಲ್ಲ. ಚಿಲಿ ದೇಶದ ಕರಾವಳಿಯಲ್ಲಿ ವಿಲ್ಸನ್ಸ್‌ನ ಹತ್ತಿರದ ನೆಂಟನೊಬ್ಬನನ್ನು, ‘ಪಿಂಕೋಯಾ’ ಪೆಟ್ರೆಲ್ ಅಂತ, ಹೊಸ ಜಾತಿಯಾಗಿ ಬರೆದದ್ದು 2013ರಲ್ಲಿ. ಅಂದರೆ ನಿನ್ನೆ ಮೊನ್ನೆ.

ನೀರಿನ ಮೇಲೆ ನಡೆಯುವುದರ ಬಗ್ಗೆ. ಅದು ನಿಜವಾಗಿ ನಡೆಯುವುದಲ್ಲ. ಹಕ್ಕಿ ಗಾಳಿಗೆ ಎದುರಾಗಿ ರೆಕ್ಕೆಯನ್ನು ಮೇಲೆ ಬಿಚ್ಚಿ ಹಿಡಿಯುತ್ತದೆ. ಗಾಳಿ ಅದನ್ನು ಎತ್ತುತ್ತದೆ, ಜೊತೆಗೆ ಹಿಂದಕ್ಕೂ ತಳ್ಳುತ್ತದೆ. ಆಗ ಜಾಲಪಾದವನ್ನು ನೀರಿಗೆ ಇಳಿಸಿ ತಡೆ ಕೊಡುತ್ತದೆ. ಗಾಳಿಪಟ ಮೇಲೆ ನಿಲ್ಲಬೇಕಾದರೆ ಕೆಳಗೆ ಯಾರಾದರೂ ದಾರ ಹಿಡಿದಿರಬೇಕಲ್ವಾ, ಇಲ್ಲಿ ದಾರದ ಕೆಲಸ ಕಾಲಿನದ್ದು, ಹಿಡಿದುಕೊಳ್ಳುವ ಕೈ ಕಡಲಿನದ್ದು. ಹೀಗೆ ಹೆಚ್ಚು ರೆಕ್ಕೆ ಬಡಿಯದೆ ಒಂದೇ ಜಾಗದಲ್ಲಿ ನಿಂತು, ಮೇಲ್ಪದರದ ಚಿಕ್ಕ ಚಿಕ್ಕ ಸಿಗಡಿಯಂಥ ಜೀವಿಗಳನ್ನು, ಮೀನಿನ ಎಣ್ಣೆಯ ಹನಿಗಳನ್ನು, ಬೋಟಿನಿಂದ ಬಿದ್ದ ಮೀನಿನ ಚೂರನ್ನು ಹೆಕ್ಕುತ್ತದೆ. ಆ ಉದ್ದ ಕಾಲಿನ ಗುಟ್ಟು ಇಷ್ಟೇ. ಬೆರಳುಗಳ ನಡುವಿನ ಜಾಲ ಹಳದಿ, ಆದರೆ ಅದು ಕಾಣಬೇಕಾದರೆ ಅದೃಷ್ಟ ಬೇಕು. ನಾನು ಮೊದಲ ಸಲ ಹೋದಾಗ ಬೋಟಿನ ಅಂಚಿಗೆ ಬಾಗಿ ವಾಂತಿ ಮಾಡುತ್ತಿದ್ದೆ, ಬೋಟು ನಡೆಸುವ ತಾಂಡೇಲರು ಲಿಂಬೆ ಕೊಟ್ಟು ‘ಹಕ್ಕಿ ಬಂತು ನೋಡಿ ಮೇಷ್ಟ್ರೇ’ ಅಂದರು. ತಲೆ ಎತ್ತಿದಾಗ ಕೈಗೆಟುಕುವಷ್ಟು ದೂರದಲ್ಲಿ ಹಳದಿ ಪಾದ! ಕ್ಯಾಮೆರಾ ಎಲ್ಲಿತ್ತು ಅಂತ ಕೇಳಬೇಡಿ.

ಇಷ್ಟು ದೊಡ್ಡ ಕಡಲಲ್ಲಿ ನಿಮ್ಮ ಬೋಟನ್ನು ಅವು ಹುಡುಕಿದ್ದು ಹೆಚ್ಚಾಗಿ ಮೂಗಿನಿಂದ. ಕೊಕ್ಕಿನ ಮೇಲೆ ಒಂದು ಚಿಕ್ಕ ಕೊಳವೆ ಇರುತ್ತದೆ, ಆಲ್ಬಟ್ರಾಸ್‌ನಿಂದ ಹಿಡಿದು ಈ ಪುಟ್ಟ ಹಕ್ಕಿಯವರೆಗೆ ಇಡೀ ಗಣಕ್ಕೆ ಇದೇ ಗುರುತು. ಕುಡಿದ ಉಪ್ಪುನೀರಿನ ಉಪ್ಪನ್ನು ತಲೆಯಲ್ಲಿರುವ ಗ್ರಂಥಿ ಬೇರ್ಪಡಿಸಿ ಮೂಗಿನ ದಾರಿಯಿಂದ ಹೊರಹಾಕುತ್ತದೆ. ವಾಸನೆ ಹಿಡಿಯುವ ಶಕ್ತಿ ಹಕ್ಕಿಗಳಲ್ಲೇ ಅಪರೂಪ ಅನ್ನುವಷ್ಟು ಚುರುಕು. ಕಡಲಲ್ಲಿ ಕಣ್ಣಿಗೆ ಕಾಣದ ಪಾಚಿಯಂಥ ಸಸ್ಯಗಳನ್ನು ಸಿಗಡಿಯಂಥ ಪುಟ್ಟ ಕ್ರಿಲ್ ಮೊದಲಾದ ಜೀವಿಗಳು ಮೇಯುವಾಗ ಡೈಮೀಥೈಲ್ ಸಲ್ಫೈಡ್ ಎಂಬ ಅನಿಲ ಬಿಡುಗಡೆಯಾಗುತ್ತದೆ. ನಾವು ‘ಕಡಲ ವಾಸನೆ’ ಅನ್ನುವುದರಲ್ಲಿ ಅದರ ಪಾಲೂ ಇದೆ. ವಿಜ್ಞಾನಿ ಗ್ಯಾಬ್ರಿಯಲ್ ನೆವಿಟ್ ಮತ್ತು ಜೊತೆಗಾರರು ದಕ್ಷಿಣದ ಕಡಲಲ್ಲಿ ಈ ವಾಸನೆಯನ್ನು ಬೇಕೆಂದೇ ಬಿಟ್ಟು ನೋಡಿದರು. ವಿಲ್ಸನ್ಸ್ ಪೆಟ್ರೆಲ್‌ಗಳು ಹುಡುಕಿಕೊಂಡು ಬಂದವು. 1995ರಲ್ಲಿ ಅದು ಪ್ರಕಟವಾಯಿತು. ಹಕ್ಕಿಗೆ ಇದು ಊಟದ ಗಂಟೆ ಬಾರಿಸಿದ ಹಾಗೆ: ಎಲ್ಲಿ ಮೇಯುತ್ತಿದ್ದಾರೋ ಅಲ್ಲಿ ಊಟ ಇದೆ. ದುರದೃಷ್ಟಕ್ಕೆ ಕಡಲಲ್ಲಿ ಬಹಳ ದಿನ ತೇಲಿದ ಪ್ಲಾಸ್ಟಿಕ್‌ಗೂ ಇದೇ ವಾಸನೆ ಹತ್ತುತ್ತದೆ ಅಂತ ಅದೇ ನೆವಿಟ್ ಇದ್ದ ತಂಡ 2016ರಲ್ಲಿ ತೋರಿಸಿತು.

ಇದರಿಂದಲೇ ಅವು ಮಳೆಗಾಲದ ಹೊತ್ತಿಗೆ ಇಲ್ಲಿ ಯಾಕೆ ಅನ್ನುವುದೂ ಅರ್ಥವಾಗುತ್ತದೆ. ನೈಋತ್ಯ ಮುಂಗಾರಿನ ಗಾಳಿ ನಮ್ಮ ಕರಾವಳಿಯ ಮೇಲ್ಪದರದ ನೀರನ್ನು ಆಚೆ ಸರಿಸುತ್ತದೆ, ಅಡಿಯಿಂದ ತಂಪಾದ, ಗೊಬ್ಬರದಂಥ ಸತ್ವ ತುಂಬಿದ ನೀರು ಮೇಲೆ ಬರುತ್ತದೆ, ಅದರಲ್ಲಿ ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ಬೂತಾಯಿ ಬಂಗುಡೆ ಕೊಬ್ಬುವುದು ಇದರಿಂದಲೇ. ಸೊಮಾಲಿಯಾ, ಒಮಾನ್ ಕಡೆ ಇದು ಇನ್ನೂ ಜೋರು. ಅದೇ ಹೊತ್ತಿಗೆ ದಕ್ಷಿಣದಲ್ಲಿ ಕಡು ಚಳಿಗಾಲ, ಕತ್ತಲೆ, ಹಿಮ. ಹಾಗಾಗಿ ಮೇಯಿಂದ ಅಕ್ಟೋಬರ್‌ವರೆಗೆ ಇವು ಈ ಕಡೆ ಇರುತ್ತವೆ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಕಡಲಿಗೆ ಹೋಗುವವರೇ ಕಡಿಮೆ, ಹಾಗಾಗಿ ನೋಡುವವರೂ ಕಡಿಮೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ನಿಮ್ಮಂಥವರಿಗೆ ಸಿಗುತ್ತವೆ. ಈ ಕಡೆ ಇರುವಾಗಲೇ ರೆಕ್ಕೆಯ ಗರಿ ಬದಲಿಸುವುದರಿಂದ ಕೆಲವು ಹಕ್ಕಿಗಳ ರೆಕ್ಕೆ ಹರಕು ಹರಕಾಗಿ ಕಂಡರೆ ಗಾಬರಿಯಾಗಬೇಡಿ.

ಆಮೇಲೆ ವಾಪಸ್ಸು. ನವೆಂಬರ್ ಡಿಸೆಂಬರಿನಲ್ಲಿ ಅಲ್ಲಿ ಬೇಸಿಗೆ. ಬಂಡೆಯ ಸಂದಿನಲ್ಲೋ ಮಣ್ಣಿನ ಬಿಲದಲ್ಲೋ ಒಂದೇ ಒಂದು ಬಿಳಿ ಮೊಟ್ಟೆ. ಅದರ ತೂಕ ತಾಯಿಯ ತೂಕದ ಸುಮಾರು ಕಾಲುಭಾಗ! ಗಂಡು ಹೆಣ್ಣು ಪಾಳಿಯಲ್ಲಿ ಕೂತು ಆರು ವಾರಕ್ಕೆ ಹತ್ತಿರ ಕಾವು ಕೊಡುತ್ತವೆ. ಗೂಡಿಗೆ ಬರುವುದು ಹೋಗುವುದು ಕತ್ತಲಲ್ಲಿ, ಯಾಕೆಂದರೆ ಹಗಲಲ್ಲಿ ಸ್ಕುವಾ ಎಂಬ ದೊಡ್ಡ ಹಕ್ಕಿ ಹಿಡಿದು ತಿನ್ನುತ್ತದೆ. ತನ್ನ ಬಿಲ ಯಾವುದು ಅಂತ ಆ ಕತ್ತಲಲ್ಲಿ ತಿಳಿಯುವುದೂ ವಾಸನೆಯಿಂದಲೇ. ಮರಿಗೆ ತಂದು ಕೊಡುವುದು ಅರ್ಧ ಜೀರ್ಣವಾದ ಆಹಾರ ಮತ್ತು ಹೊಟ್ಟೆಯಲ್ಲಿ ಕೂಡಿಟ್ಟ ಎಣ್ಣೆ. ಮರಿ ಆ ಎಣ್ಣೆ ಕುಡಿದು ಅಪ್ಪ ಅಮ್ಮನಿಗಿಂತ ದಪ್ಪ ಆಗುತ್ತದೆ. ಅದು ದುರಾಸೆಯಲ್ಲ. ಒಂದು ಹಿಮಗಾಳಿ ಬೀಸಿ ಬಿಲದ ಬಾಯಿ ಮುಚ್ಚಿದರೆ ಎಷ್ಟೋ ದಿನ ಊಟವಿಲ್ಲ. ಹಿಮ ಕರಗದೆ ಒಳಗೇ ಸಾಯುವ ಮರಿಗಳೂ ಬಹಳ. ಬದುಕಿದ್ದು ಸುಮಾರು ಎರಡು ತಿಂಗಳಿಗೆ ಹೊರಬಿದ್ದು ಕಡಲಿಗಿಳಿಯುತ್ತದೆ. ವರ್ಷಕ್ಕೆ ಒಂದೇ ಮರಿ, ಅದೂ ಖಾತ್ರಿಯಿಲ್ಲ. ಆದರೂ ಜಗತ್ತಿನಲ್ಲಿ ಇವು 1.2ರಿಂದ 3 ಕೋಟಿ ಇರಬಹುದು ಅನ್ನುವ ಅಂದಾಜಿದೆ. ದೊಡ್ಡವಾದ ಮೇಲೆ ಬಹಳ ವರ್ಷ ಬದುಕುವುದರಿಂದ ಇದು ಸಾಧ್ಯ. ಉತ್ತರದ ಗುಂಪಿನ ಲೀಚ್ಸ್ ಪೆಟ್ರೆಲ್ ಒಂದು 30 ವರ್ಷ ದಾಟಿ ಬದುಕಿದ್ದು ಕಾಲಿನ ಉಂಗುರದಿಂದ ಗೊತ್ತಾಗಿದೆ. ಅದೂ ಒಂದು ಹಿಡಿಯಷ್ಟೇ ಇರುವ ಹಕ್ಕಿ.

ಕನ್ನಡದ ಹೆಸರು ಕೇಳಿದ್ದೀರಿ. ‘ಚಂಡಮಾರುತದ ಹಕ್ಕಿ’ ಅಂತೆಲ್ಲ ಅನುವಾದ ಮಾಡಬಹುದು, ನನಗೆ ಅದು ಒಗ್ಗುವುದಿಲ್ಲ. ಹಕ್ಕಿ ಬಂದರೆ ಬಿರುಗಾಳಿ ಬರುತ್ತದೆ ಅನ್ನುವುದು ಹಳೆಯ ನಾವಿಕರ ಹೆದರಿಕೆ, ಅದನ್ನು ನಾವು ಯಾಕೆ ಹೊತ್ತುಕೊಳ್ಳಬೇಕು. ನಾನು ‘ಪೆಟ್ರೆಲ್’ ಅಂತಲೇ ಬರೆಯುತ್ತೇನೆ, ಮಕ್ಕಳಿಗೆ ಹೇಳುವಾಗ ‘ಬಿಳಿಸೊಂಟದ ಪೆಟ್ರೆಲ್’ ಅನ್ನುತ್ತೇನೆ. ಆದರೆ ನಿಮ್ಮ ಭಾವನ ಬೋಟಿನ ಹಳೆಯ ತಾಂಡೇಲರನ್ನು, ಕಲಾಸಿಗಳನ್ನು ಕೇಳಿ. ತುಳುವಿನಲ್ಲೋ, ಕೊಂಕಣಿಯಲ್ಲೋ, ಮೊಗವೀರರ ಮಾತಿನಲ್ಲೋ ಏನಾದರೂ ಅಂದರೆ ಆ ಪದವನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ. ಅದರ ಮುಂದೆ ನನ್ನ ಬಿಳಿಸೊಂಟವನ್ನು ಧಾರಾಳವಾಗಿ ಎಸೆದುಬಿಡಬಹುದು.

ಇನ್ನೊಂದು, ನೀವು ಕೇಳದ್ದು. ರಾತ್ರಿ ಬೋಟಿನ ಲೈಟಿಗೆ ಮರುಳಾಗಿ ಇವು ಡೆಕ್ ಮೇಲೆ ಬೀಳುವುದುಂಟು. ಜೋರು ಗಾಳಿಮಳೆಯಲ್ಲಿ ಬೀಚಿಗೂ ಬಂದು ಬೀಳಬಹುದು. ನೆಲದ ಮೇಲೆ ನಿಲ್ಲಲು ಕಾಲಿಗೆ ಶಕ್ತಿ ಸಾಲದೆ ತೆವಳುತ್ತದೆ, ಅದನ್ನು ನೋಡಿ ಕಾಲು ಮುರಿದಿದೆ ಅಂದುಕೊಳ್ಳಬೇಡಿ. ಅನ್ನ, ಹಾಲು ಏನೂ ಹಾಕಬೇಡಿ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ಕತ್ತಲಲ್ಲಿ ಇಡಿ. ಹಿಡಿದಾಗ ಬಾಯಿಂದ ಕಿತ್ತಳೆ ಬಣ್ಣದ ಎಣ್ಣೆ ಉಗುಳಿದರೆ ಅಂಗಿಯ ಆಸೆ ಬಿಡಿ, ಆ ವಾಸನೆ ನಾಲ್ಕು ಸಲ ಒಗೆದರೂ ಹೋಗುವುದಿಲ್ಲ. ಬೋಟಿನಲ್ಲಾದರೆ ಲೈಟು ಕಡಿಮೆ ಮಾಡಿ, ಸುಧಾರಿಸಿಕೊಂಡ ಮೇಲೆ ಅಂಚಿನಲ್ಲಿ ಬಿಟ್ಟರೆ ತಾನೇ ಹೋಗುತ್ತದೆ. ದಡದಲ್ಲಾದರೆ ಅರಣ್ಯ ಇಲಾಖೆಯವರಿಗೆ ಹೇಳಿ. ಕೊಡುವ ಮೊದಲು ಬಾಲ ಮತ್ತು ಕಾಲು ಎರಡೂ ಕಾಣುವ ಹಾಗೆ ಒಂದು ಫೋಟೋ ತೆಗೆದಿಡಿ, ಯಾವ ಬರಿಯದ್ದು ಅಂತ ನೋಡೋಣ.